ಮರಿಚನ್ನಯ್ಯನಾಗಿ ಒಂದು ದಿನ

ಬೆಳಿಗ್ಗೆ ಹತ್ತೂಕಾಲಿಗೆ ನಾನು ಮರಿಚನ್ನಯ್ಯನಾದೆ. ಅದಕ್ಕೆ ಮುಂಚೆ ನಲವತ್ತೊಂದು ವರ್ಷ ವನಮಾಲಾ ಆಗಿದ್ದೆ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು, ರಜೆ ದಿನಗಳಲ್ಲಿ ಕಬಡ್ಡಿ ಪಂದ್ಯಗಳ ರೆಫರಿ. ಮೂರು ದಿನ ನಡೆಯಬೇಕಿದ್ದ ಹೆಣ್ಣುಮಕ್ಕಳ ಟೂರ್ನಮೆಂಟು, ಒಂದು ತಂಡಕ್ಕೆ ತಂಡವೇ ಕಣ್ಣುಬೇನೆ ಹತ್ತಿಸಿಕೊಂಡು ಬಂದಿದ್ದರಿಂದ ಎರಡೇ ದಿನಕ್ಕೆ ಮುಗಿದುಹೋಯಿತು. ಕೈಯಲ್ಲಿ ಒಂದು ದಿನ ಮಿಕ್ಕಿತು. “ಮುಳುಗಿದ ಹಡಗು ನೋಡಿದೀರಾ ಮೇಡಂ?” ಅಂತ ಲಾಡ್ಜಿನವನು ಕೇಳಿದ. “ಸಮುದ್ರದಲ್ಲಲ್ಲ. ಸಿಹಿನೀರಲ್ಲಿ. ಒಂದಲ್ಲ, ಹನ್ನೊಂದು.” ನಾನು ಸಮುದ್ರವನ್ನೇ ಎರಡು ಸಲ ನೋಡಿದವಳು. ಸಿಹಿನೀರಿನಲ್ಲಿ ಹಡಗು ಮುಳುಗುವಷ್ಟು ಆಳ ಎಲ್ಲಿಂದ ಬರಬೇಕು ಅನ್ನೋ ಕುತೂಹಲಕ್ಕೆ ಬೆಳಗಿನ ಮೊದಲ ಬಸ್ಸು ಹತ್ತಿದೆ. ಬಸ್ಸಿನ ಬೋರ್ಡಿನಲ್ಲಿ ಆ ಊರಿನ ಹೆಸರಿರಲಿಲ್ಲ. ಕಂಡಕ್ಟರನನ್ನು ಕೇಳಿದರೆ “ಕೊನೇ ಸ್ಟಾಪು” ಅಂದ, ಅಷ್ಟೆ.

ಕೊನೇ ಸ್ಟಾಪಿನಲ್ಲಿ ಇಳಿದರೆ ರಸ್ತೆ ನೇರ ನೀರಿಗೇ ಇಳಿದುಹೋಗಿತ್ತು. ಊರವರು ಅದನ್ನು ದೊಡ್ಡನೀರು ಅನ್ನುತ್ತಾರೆ. ಆಚೆ ದಡ ಒಂದು ಪೆನ್ಸಿಲ್ ಗೆರೆಯ ಹಾಗೆ ಕಾಣುತ್ತದೆ, ಮೋಡ ಇದ್ದರೆ ಅದೂ ಇಲ್ಲ. ಈಚೆ ದಡದಲ್ಲಿ ಕಲ್ಲಿನ ಮೆಟ್ಟಿಲು, ಐದಾರು ದೋಣಿ, ಒಂದು ಟೀ ಅಂಗಡಿ, ಹೆಂಚಿನ ಒಂದು ಆಫೀಸು. ಆಫೀಸಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಸಂರಕ್ಷಿತ ಜಲಪ್ರದೇಶ. ಏನನ್ನೂ ಮೇಲೆತ್ತುವಂತಿಲ್ಲ. ಯಾರೂ ಮುಳುಗಿ ನೋಡುವಂತಿಲ್ಲ. ಸ್ವಂತ ಹೆಸರಿನಲ್ಲಿ ನೀರಿನ ಮೇಲೆ ಹೋಗುವಂತಿಲ್ಲ.’ ಮೊದಲ ಎರಡು ನನಗೆ ಅರ್ಥವಾದವು.

ಕಿಟಕಿಯ ಆಚೆ ವಾರಿಜಾ ಅನ್ನುವ ಗುಮಾಸ್ತೆ ಕೂತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿ, ಮುಂದೆ ಹನ್ನೊಂದು ಹಳೆಯ ರಿಜಿಸ್ಟರು. ಪ್ರತಿ ರಿಜಿಸ್ಟರಿನಲ್ಲೂ ಮುಳುಗಿದ ಒಂದೊಂದು ಹಡಗಿನ ಪ್ರಯಾಣಿಕರ ಪಟ್ಟಿ. ಬಂದವರಿಗೆ ಸರದಿಯ ಪ್ರಕಾರ ಮುಂದಿನ ಹೆಸರು. ದೋಣಿ ಹತ್ತಿ, ನೋಡಿ, ವಾಪಸು ಬಂದು ಮೆಟ್ಟಿಲಿನ ಮೇಲೆ ಕಾಲಿಡುವವರೆಗೆ ನೀವು ಅವರೇ. ಎಲ್ಲ ಹೆಸರೂ ಒಂದು ಸುತ್ತು ಮುಗಿಯೋಕೆ ಎಂಟು ವರ್ಷ ಬೇಕಂತೆ.

“ಮಂದಾರ ಲಾಂಚು” ಅಂತ ಅವರು ಹಾಳೆ ತಿರುಗಿಸಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಕನ್ನಡ ಚೆನ್ನಾಗಿ ಬರುತ್ತಾ ನಿಮಗೆ?”

“ಬರೋದು ಅದೊಂದೇ” ಅಂದೆ.

“ಮಾತಾಡಬಾರದು ಅಂತ ವ್ರತ ಗಿತ ಏನಾದರೂ?”

“ನಾನು ಪಿ.ಟಿ. ಟೀಚರು ಕಣ್ರೀ.”

ವಾರಿಜಾ ಉಸಿರು ಬಿಟ್ಟರು. “ಮರಿಚನ್ನಯ್ಯ. ವಯಸ್ಸು ಮೂವತ್ತು. ಬ್ಯಾಂಡ್ ಸೆಟ್‌ನಲ್ಲಿ ಕ್ಲಾರಿನೆಟ್ಟು” ಅಂತ ಬರೆದು, ಎದ್ದು ಹೊರಗೆ ಬಂದು, ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ಹೆಸರನ್ನು ದೊಡ್ಡದಾಗಿ ಬರೆದರು. ಟೀ ಅಂಗಡಿಯವನು ಓದಿದವನೇ ಕೈಯಲ್ಲಿದ್ದ ಜರಡಿ ಕೆಳಗಿಟ್ಟು, ಅಂಗಡಿಯನ್ನು ಹಾಗೇ ಬಿಟ್ಟು ಊರಿನ ಕಡೆ ಓಡಿದ.

ಅವನು ಬರುವ ತನಕ ಮೆಟ್ಟಿಲ ಮೇಲೆ ಕೂತೆ. ಈ ಊರಿನವರಿಗೆ ಇದು ತೀರಾ ಮಾಮೂಲು. ನನಗಿಂತ ಮುಂಚೆ ಬಂದಿದ್ದ ಹೊಸ ಮದುವೆಯ ಜೋಡಿಯಲ್ಲಿ ಹುಡುಗಿಗೆ ಸಬ್ ಇನ್‌ಸ್ಪೆಕ್ಟರನ ಹೆಸರು, ಹುಡುಗನಿಗೆ ಎಪ್ಪತ್ತು ವರ್ಷದ ಒಬ್ಬ ಸೂಲಗಿತ್ತಿಯ ಹೆಸರು ಬಂದಿತ್ತು. ಒಬ್ಬ ಹೆಂಗಸು ಆ ಹುಡುಗನ ಬಳಿ ಬಂದು, “ನಾನು ಹುಟ್ಟುವಾಗ ನೀನೇ ಹೆರಿಗೆ ಮಾಡಿಸಿದ್ದಂತೆ ಅಜ್ಜಿ” ಅಂತ ಅವನ ಕಾಲಿಗೆ ನಮಸ್ಕಾರ ಮಾಡಿ, ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಹೋದಳು. ಯಾರೂ ನಗಲಿಲ್ಲ. ಹುಡುಗ ಬಾಳೆಹಣ್ಣು ಹಿಡಿದುಕೊಂಡು “ಚೆನ್ನಾಗಿರಮ್ಮ” ಅಂದ. ಪರವಾಗಿಲ್ಲ, ಚೆನ್ನಾಗಿಯೇ ಹೇಳಿದ.

ನನಗೂ ಯಾರಾದರೂ ಬಾಳೆಹಣ್ಣು ತರಬಹುದು ಅಂದುಕೊಂಡಿದ್ದೆ. ಬಂದದ್ದು ನಿಂಗಾಜಮ್ಮ. ಐವತ್ತೆಂಟರ ಹೆಂಗಸು. ಹುಬ್ಬು, ಕಿವಿ, ಸೆರಗು ಎಲ್ಲದರ ಮೇಲೂ ರಾಗಿ ಹಿಟ್ಟು. ಹಿಟ್ಟಿನ ಗಿರಣಿ ಅವರದು. ಓಡುತ್ತಿದ್ದ ಗಿರಣಿಯನ್ನು ಯಾರಿಗೋ ಒಪ್ಪಿಸಿ ಹಾಗೇ ಬಂದಿದ್ದರು. ಹಣೆಯಲ್ಲಿ ದೊಡ್ಡ ಕುಂಕುಮ, ಕೈ ತುಂಬ ಹಸಿರು ಬಳೆ. ನನ್ನ ಮುಂದೆ ನಿಂತು ಅಡಿಯಿಂದ ಮುಡಿಯವರೆಗೆ ನೋಡಿದರು.

“ಸಣ್ಣಗಾಗಿದೀರಿ” ಅಂದರು.

“ದಿನಾ ಐದು ಕಿಲೋಮೀಟರು ಓಡ್ತೀನಿ” ಅಂದುಬಿಟ್ಟೆ ಗಾಬರಿಯಲ್ಲಿ.

“ಮುಂಚೆ ನಡೀತಾನೂ ಇರಲಿಲ್ಲ.” ಪಕ್ಕದ ಮೆಟ್ಟಿಲಿನ ಮೇಲೆ ಕೂತರು. “ಮೂವತ್ತೆರಡು ವರ್ಷ ಆಯ್ತು. ಮೂರು ಸಲ ನಿಮ್ಮ ಹೆಸರು ಬಂತು. ಮೊದಲನೇ ಸಲ ಒಂದು ಮೂರು ವರ್ಷದ ಮಗು, ನನ್ನನ್ನ ನೋಡಿ ಕಿರುಚಿಕೊಳ್ತು. ಎರಡನೇ ಸಲ ಯಾವುದೋ ದೇಶದವನು, ನಾನು ಏನು ಕೇಳಿದರೂ ಕೈಮುಗಿದ. ಮೂರನೇ ಸಲ ಮೌನವ್ರತದ ಸ್ವಾಮಿ. ಸ್ಲೇಟು ಕೊಟ್ಟೆ, ಶಾಂತಿ ಅಂತ ಬರೆದು ಕೊಟ್ಟರು. ನನಗೆ ಬೇಕಾಗಿದ್ದು ಶಾಂತಿ ಅಲ್ಲ, ಉತ್ತರ. ಈಗ ನೀವು ಬಾಯಿ ಬಿಡೋರು ಬಂದಿದೀರಿ. ಎಲ್ಲಿಗೆ ಹೋದ್ರಿ?”

ಅವರೇ ಹೇಳಿದರು, ಗಂಡನಿಗೆ ಗಂಡನ ಕಥೆ ನೆನಪಿಸುವ ಹಾಗೆ. ಆವತ್ತು ನಿಂಗಾಜಮ್ಮನ ತಂಗಿಯ ನಿಶ್ಚಿತಾರ್ಥ. ಆಚೆ ದಡದಲ್ಲಿ ಒಂದು ಮದುವೆಗೆ ಬ್ಯಾಂಡು ಒಪ್ಪಿಕೊಂಡುಬಿಟ್ಟಿದ್ದ ಮರಿಚನ್ನಯ್ಯ. ಬೆಳಿಗ್ಗೆ ಇಬ್ಬರಿಗೂ ಜಗಳವಾಯಿತು. “ಹೋಗಿ, ಅಲ್ಲೇ ಇದ್ದುಬಿಡಿ” ಅಂದರು ನಿಂಗಾಜಮ್ಮ. ಅವನು ಕ್ಲಾರಿನೆಟ್ಟಿನ ಪೆಟ್ಟಿಗೆ ಎತ್ತಿಕೊಂಡು ಮಂದಾರ ಹತ್ತಿದ. ನೀರಿನ ನಟ್ಟನಡುವೆ ಹೋಗುವಾಗ ತಳದ ಹಲಗೆ ಬಿಟ್ಟುಕೊಂಡು ಲಾಂಚು ಮುಳುಗಿತು. ಅವಸರವಾಗಿ ಏನಲ್ಲ, ಮುಕ್ಕಾಲು ಗಂಟೆ ಹಿಡಿಯಿತು. ಎರಡೂ ದಡದಿಂದ ದೋಣಿ ಬಂದವು. ಕೆಲವರು ಆ ಕಡೆ ಹೋದರು, ಕೆಲವರು ಈ ಕಡೆ ಬಂದರು. ಎಲ್ಲರೂ ಪಾರಾದರು ಅಂತ ಲಾಂಚಿನವರು ಹೇಳಿದರು. ಮರಿಚನ್ನಯ್ಯ ಮಾತ್ರ ಎರಡೂ ಕಡೆ ಸಿಗಲಿಲ್ಲ. ಹೆಣವೂ ತೇಲಲಿಲ್ಲ. ಎರಡು ವರ್ಷ ಕಳೆದ ಮೇಲೆ, ದೂರದ ಒಂದು ಊರಿನ ಮೆರವಣಿಗೆಯಲ್ಲಿ ಕೆನ್ನೆ ಉಬ್ಬಿಸಿಕೊಂಡು ಕ್ಲಾರಿನೆಟ್ಟು ಊದುತ್ತಿದ್ದವನು ಥೇಟ್ ಅವನೇ ಅಂತ ಯಾರೋ ಬಂದು ಹೇಳಿದರು.

“ನಾನು ಅಲ್ಲೇ ಇರಿ ಅಂದೆ. ನೀವು ಅಲ್ಲೇ ಇದ್ದುಬಿಟ್ರಿ” ಅಂದರು ನಿಂಗಾಜಮ್ಮ. “ಜಗಳದಲ್ಲಿ ಆಡಿದ ಮಾತನ್ನ ಯಾರಾದರೂ ಅಷ್ಟು ಸರಿಯಾಗಿ ನಡೆಸಿಕೊಡ್ತಾರಾ?”

ಹೇಳುವಾಗ ದನಿ ಎತ್ತರಿಸಲಿಲ್ಲ. ಹಿಟ್ಟು ಕೊಡವಿಕೊಳ್ಳುತ್ತಾ ಹೇಳಿದರು. ಆಮೇಲೆ ಎರಡನೆಯ ವಿಷಯ ತೆಗೆದರು. “ಅಂಕಯ್ಯ ಗೊತ್ತಲ್ಲ? ನಿಮ್ಮ ಲಾಂಚಲ್ಲೇ ಸಹಾಯಕನಾಗಿದ್ದ. ಈಗ ದೋಣಿ ಇಟ್ಟುಕೊಂಡಿದಾನೆ. ಮಂಗಳವಾರ ಗಿರಣಿಗೆ ರಜೆ, ಅವತ್ತು ಬಂದು ಟೀ ಕುಡಿದು, ಬೆಲ್ಟು ಬಿಗಿ ಮಾಡಿಕೊಟ್ಟು, ಬೀಸೋ ಕಲ್ಲಿಗೆ ಉಳಿ ಹಾಕಿಕೊಟ್ಟು ಹೋಗ್ತಾನೆ. ಇಪ್ಪತ್ತು ವರ್ಷದಿಂದ. ಹೋದ ಯುಗಾದಿ ಆದಮೇಲೆ ಮದುವೆ ಆಗೋಣವಾ ಅಂತ ಕೇಳಿದ. ನಾನು ಏನು ಹೇಳಲಿ? ನಾನು ಮುತ್ತೈದೆನೋ ಅಲ್ಲವೋ ನನಗೇ ಗೊತ್ತಿಲ್ಲ. ನಿಮ್ಮನ್ನ ಕೇಳಿ ಹೇಳ್ತೀನಿ ಅಂದೆ. ನೋಡಿ ಬನ್ನಿ ನಿಮ್ಮ ಲಾಂಚು. ವಾಪಸು ಬಂದು ಎರಡಕ್ಕೂ ಉತ್ತರ ಕೊಡಿ. ನಾನು ಇಲ್ಲೇ ಕೂತಿರ್ತೀನಿ.”

“ಅಮ್ಮಾ, ನಾನು...” ಅಂದೆ.

“ಅಮ್ಮ ಅನ್ನಬೇಡಿ. ಚೆನ್ನಾಗಿರಲ್ಲ.”

ಮೈದಾನದಲ್ಲಿ ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುವವಳು. ಗೆರೆ ತುಳಿದರೆ ತುಳಿದಳು, ಇಲ್ಲವಾದರೆ ಇಲ್ಲ. ಕಾಣದ್ದರ ಬಗ್ಗೆ ತೀರ್ಪು ಕೊಟ್ಟವಳೇ ಅಲ್ಲ. ಸದ್ದಿಲ್ಲದೆ ವಾಪಸು ಬಸ್ಸು ಹತ್ತಿಬಿಡೋಣ ಅಂತಲೂ ಅನ್ನಿಸಿತು. ಆದರೆ ನಿಂಗಾಜಮ್ಮ ಕಾಲು ನೀಡಿ ಕೂತ ರೀತಿ ನೋಡಿದರೆ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯನ್ನು ಅಡ್ಡ ಹಾಕಿದಂತೆಯೇ ಇತ್ತು. ನೀರಿನ ಕಡೆಯ ದಾರಿ ಒಂದೇ ಉಳಿದದ್ದು.

ಸರದಿಯಲ್ಲಿ ಮುಂದೆ ಇದ್ದ ದೋಣಿ ಅಂಕಯ್ಯನದೇ ಆಗಬೇಕೇ! ಐವತ್ತೈದರ ಆಳು, ಕುಳ್ಳಗೆ, ಗಟ್ಟಿಯಾಗಿ, ತಲೆಗೆ ಒಂದು ಹಳದಿ ಟವೆಲು ಸುತ್ತಿಕೊಂಡಿದ್ದ. ದೋಣಿಯವರಿಗೆ ಹೆಸರಿನ ನಿಯಮ ಇಲ್ಲ, ಅವರು ಕರೆದೊಯ್ಯುವವರು ಮಾತ್ರ. ಅಂಕಯ್ಯ ಅಂಕಯ್ಯನೇ. ನನ್ನ ಕೈ ಹಿಡಿದು ಹತ್ತಿಸಿಕೊಂಡು, “ನಿಧಾನ, ಮರಿಚನ್ನಣ್ಣ” ಅಂದ. ಆಮೇಲೆ ಅರ್ಧ ಗಂಟೆ ಬರೀ ಹುಟ್ಟು ಹಾಕಿದ.

ಆ ನೀರಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಉಪ್ಪಿಲ್ಲದ, ತಣ್ಣನೆಯ, ಕೆಸರಿಲ್ಲದ ನೀರು. ಸಮುದ್ರದಲ್ಲಿ ಮರವನ್ನು ತಿನ್ನುವ ಹುಳು ಇಲ್ಲಿ ಇಲ್ಲವಂತೆ. ಅಂಕಯ್ಯ ಗಾಜಿನ ತಳದ ಒಂದು ಡಬ್ಬಿ ಕೊಟ್ಟ. ಅದನ್ನು ನೀರಿಗೆ ಒತ್ತಿ ಮುಖ ಇಟ್ಟರೆ, ಸ್ಟೇಡಿಯಮ್ಮಿನ ಮೇಲಿನ ಗ್ಯಾಲರಿಯಿಂದ ಕೆಳಗಿನ ಮೈದಾನ ಕಂಡ ಹಾಗೆ ಕಾಣುತ್ತದೆ. ಮೊದಲು ಒಂದು ಹಾಯಿಹಡಗು ಬಂತು, ಮಂಚದ ಮೇಲೆ ಮಲಗಿದವರ ಹಾಗೆ ಪಕ್ಕಕ್ಕೆ ಒರಗಿತ್ತು. ಅದರ ಹೊಟ್ಟೆಯಲ್ಲಿ ಹೆಂಚುಗಳು ಜೋಡಿಸಿದ ಹಾಗೇ ಇದ್ದವು, ಒಂದೂ ಒಡೆದಿರಲಿಲ್ಲ. ಇನ್ನೊಂದರ ತುಂಬ ಹೊಲಿಗೆ ಯಂತ್ರಗಳು, ಅವುಗಳ ಚಕ್ರದ ನಡುವೆ ಮೀನು ಹೋಗಿ ಬರುತ್ತಿದ್ದವು. ಮೂರನೆಯದರ ಮೂತಿಯ ಮೇಲೆ ಬಣ್ಣದಲ್ಲಿ ಬರೆದ ಕಣ್ಣು, ಈಗಲೂ ತೆರೆದೇ ಇತ್ತು. ನಾನು ‘ಅಯ್ಯೋ’, ‘ಅಬ್ಬಾ’ ಅನ್ನುತ್ತಾ ಮಕ್ಕಳಿಗಿಂತ ಕಡೆಯಾಗಿ ಕೂಗುತ್ತಿದ್ದೆ. ಎರಡು ಪ್ರಶ್ನೆಯೂ ಮರೆತುಹೋಗಿದ್ದವು.

ಮಂದಾರ ಎಲ್ಲಕ್ಕಿಂತ ದೂರದಲ್ಲಿತ್ತು. ನೆಟ್ಟಗೆ ಕೂತಿತ್ತು, ಈಗಲೇ ಹೊರಡುತ್ತೇನೆ ಅನ್ನುವ ಹಾಗೆ. ಬೆಂಚುಗಳು, ಟಿಕೆಟ್ ಕೊಡುವ ಪುಟ್ಟ ಗೂಡು, ಕಂಬಿಗೆ ಕಟ್ಟಿದ ತಗಡಿನ ಬಕೆಟ್ಟುಗಳು. ಅಂಕಯ್ಯ ದೋಣಿಯನ್ನು ಒಂದು ಬದಿಯಲ್ಲಿ ನಿಲ್ಲಿಸಿದ. ಆಮೇಲೆ ಮನಸ್ಸು ಮಾಡಿದವನ ಹಾಗೆ ಸುತ್ತು ಹಾಕಿ ಇನ್ನೊಂದು ಬದಿಗೆ ಬಂದ.

“ಈ ಕಡೆಗೆ ಯಾರನ್ನೂ ಕರೆದುಕೊಂಡು ಬರೋದಿಲ್ಲ ನಾನು” ಅಂದ. “ನೋಡು, ಮರಿಚನ್ನಣ್ಣ.”

ನೋಡಿದೆ. ಲಾಂಚಿನ ಕಿಟಕಿ, ಗೇಟು, ಮೇಲಿನ ಬಾಗಿಲು ಎಲ್ಲ ಹಾರುಹೊಡೆದಿದ್ದವು. ಕೆಳಗಿನ ಕೋಣೆಗೆ ಇಳಿಯುವ ಒಂದು ಬಾಗಿಲು ಮಾತ್ರ ಮುಚ್ಚಿತ್ತು. ಹಿತ್ತಾಳೆಯ ಚಿಲಕ, ಪೂರ್ತಿ ಎಳೆದು ಹಾಕಿದ್ದು. ನನ್ನ ಕಣ್ಣಿಗೆ ಅಂಥದ್ದು ತಪ್ಪುವುದಿಲ್ಲ. ಚಿಲಕ ಹೊರಗಡೆ ಇತ್ತು.

ಡಬ್ಬಿಯಿಂದ ಮುಖ ಎತ್ತಿ, “ಇದನ್ನ ಯಾರು ಹಾಕಿದ್ದು?” ಅಂದೆ.

“ನಾನು” ಅಂದ ಅಂಕಯ್ಯ.

ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ಮತ್ತೆ ಸುತ್ತಿಕೊಂಡ, ಮತ್ತೆ ಬಿಚ್ಚಿದ. “ಕೆಳಗಿನ ಕೋಣೆ ಮುಚ್ಚಿದರೆ ಇನ್ನೂ ಹತ್ತು ನಿಮಿಷ ತೇಲುತ್ತೆ, ಕೊನೇ ದೋಣಿ ಬರೋವರೆಗೂ ಸಾಕು ಅಂತ ಲಾಂಚು ನಡೆಸುತ್ತಿದ್ದ ಸಾರಂಗ್ ಹೇಳಿದರು. ಮೊದಲು ಜನ ಎಣಿಸು, ಆಮೇಲೆ ಚಿಲಕ ಹಾಕು ಅಂದರು. ಪಟ್ಟಿಯಲ್ಲಿ ಐವತ್ತೇಳು ಜನ. ನಾನು ಎಣಿಸಿದೆ, ಐವತ್ತೇಳು ಬಂತು. ಚಿಲಕ ಹಾಕಿದೆ. ದೋಣಿ ಹತ್ತಿ ದಡಕ್ಕೆ ಹೋದೆ. ರಾತ್ರಿ ಊಟಕ್ಕೆ ಕೂತಾಗ ಹೊಳೀತು. ನನ್ನನ್ನೂ ಸೇರಿಸಿ ಎಣಿಸಿಬಿಟ್ಟಿದ್ದೆ.”

ನೀರು ದೋಣಿಯ ಪಕ್ಕೆಗೆ ತಟ್ಟುತ್ತಿತ್ತು.

“ನೀನು ಪೆಟ್ಟಿಗೆ ತರೋಕೆ ಕೆಳಗೆ ಇಳಿದಿದ್ದೆ. ಅದು ನನಗೆ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯ್ತು. ದೋಣಿಯಲ್ಲಿದ್ದಾಗ ಒಂದು ಸಲ ಕ್ಲಾರಿನೆಟ್ ಸದ್ದು ಕೇಳಿಸ್ತು. ಮುಂದಿನ ದೋಣಿಯಲ್ಲಿ ಬ್ಯಾಂಡಿನವರು ಇದ್ದರಲ್ಲ, ಅವರಲ್ಲಿ ಯಾರೋ ಊದಿ ನೋಡ್ತಿದಾರೆ ಅಂದುಕೊಂಡೆ. ಸಾರಂಗ್ ಮರುವರ್ಷವೇ ತೀರಿಕೊಂಡರು. ಗೊತ್ತಿರೋನು ನಾನೊಬ್ಬನೇ.” ಅವನು ನನ್ನನ್ನೇ ನೋಡಿದ, ವನಮಾಲಾ ಟೀಚರನ್ನಲ್ಲ. “ನಿಂಗಾಜಕ್ಕನಿಗೆ ಹೇಳೋಕೆ ಹನ್ನೆರಡು ವರ್ಷ ಧೈರ್ಯ ಬರಲಿಲ್ಲ. ಕೊನೆಗೆ ಹೇಳೋಣ ಅಂತ ಒಂದು ಮಂಗಳವಾರ ಹೋದೆ. ಅವಳು ಟೀ ಕೊಟ್ಟಳು. ಹೇಳಲಿಲ್ಲ. ಮುಂದಿನ ಮಂಗಳವಾರ ಹೇಳೋಣ ಅಂದುಕೊಂಡೆ. ಹೀಗೇ ಆಗಿಹೋಯ್ತು. ಒಂದು ಮಾತು ಕೊಡು, ಮರಿಚನ್ನಣ್ಣ. ಕ್ಷಮಿಸಿದೆ ಅನ್ನು. ಅಷ್ಟು ಸಾಕು. ಆಮೇಲೆ ಅವಳ ಹತ್ತಿರ ಮದುವೆಗೂ ನೀನೇ ಹೂಂ ಅನ್ನು.”

ನಿಜ ಹೇಳುತ್ತೇನೆ, ಬಾಯಿ ತುದಿಗೆ ಬಂದಿತ್ತು. ಅಷ್ಟು ಗಟ್ಟಿ ಆಳು ಹಾಗೆ ಕೂತಿದ್ದರೆ ಯಾರಾದರೂ ಕ್ಷಮಿಸಿಬಿಡುತ್ತಾರೆ. ಒಂದು ಮಾತು ಅಂದು, ದಡಕ್ಕೆ ಹೋಗಿ ಇನ್ನೊಂದು ಮಾತು ಅಂದು, ಬಸ್ಸು ಹತ್ತಬಹುದಿತ್ತು. ಎಲ್ಲರೂ ಸಂತೋಷವಾಗಿರುತ್ತಿದ್ದರು. ಆದರೆ ಮೆಟ್ಟಿಲ ಮೇಲೆ ಕೂತ ಹೆಂಗಸು ಮೂವತ್ತೆರಡು ವರ್ಷದಿಂದ, ತಾನು ಆಡಿದ ಒಂದು ಮಾತಿಗೆ ಗಂಡ ಬಿಟ್ಟುಹೋದ ಅಂತ ನಂಬಿಕೊಂಡು ಊರವರ ರಾಗಿ ಬೀಸುತ್ತಿದ್ದರು. ನನಗೆ ಅಂಕಯ್ಯನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

“ದೋಣಿ ತಿರುಗಿಸು” ಅಂದೆ, ಮೈದಾನದ ದನಿಯಲ್ಲಿ. “ಕ್ಷಮಿಸೋದು ನನ್ನೊಬ್ಬನ ಕೈಲಿಲ್ಲ. ಅವಳ ಮುಂದೆ ಇದನ್ನೆಲ್ಲ ಹೇಳು.”

“ನಾನಾ?”

“ಮತ್ತೆ? ನಾನು ಬಾಗಿಲ ಒಳಗಡೆ ಇದ್ದೆ. ನನಗೇನು ಗೊತ್ತು?”

ವಾಪಸು ಬರುವಷ್ಟರಲ್ಲಿ ನಾಲ್ಕು ಗಂಟೆ. ಅವನು ಹುಟ್ಟು ಹಾಕಿದ ರೀತಿಗೆ ಅಷ್ಟು ಹೊತ್ತಾಗದೆ ಇನ್ನೇನು. ಮೆಟ್ಟಿಲ ಮೇಲೆ ಅರ್ಧ ಊರು ನೆರೆದಿತ್ತು. ದೋಣಿ ಕಲ್ಲಿಗೆ ತಾಗಿತು. ನಾನು ಏಳಲಿಲ್ಲ. ಇಳಿದರೆ ನಾನು ವನಮಾಲಾ, ಆಮೇಲೆ ನನ್ನ ಮಾತಿಗೆ ಇಲ್ಲಿ ಕಾಸಿನ ಬೆಲೆ ಇಲ್ಲ.

“ಇಳೀರಿ” ಅಂತ ವಾರಿಜಾ ಆಫೀಸಿನ ಬಾಗಿಲಿಂದ ಕೂಗಿದರು.

“ಇಳಿಯಲ್ಲ” ಅಂದೆ. “ಮೊದಲು ಅಂಕಯ್ಯ ಮಾತಾಡಬೇಕು.”

ಅಂಕಯ್ಯ ಮಾತಾಡಲಿಲ್ಲ. ಹಗ್ಗ ಕಟ್ಟಿದ. ಬಿಚ್ಚಿದ. ದೋಣಿಯೊಳಗಿನ ನೀರು ತೋಡಿದ, ತೋಡೋಕೆ ಅಲ್ಲಿ ನೀರೇ ಇರಲಿಲ್ಲ. ಕಾಲು ಗಂಟೆ ಆಯಿತು. ಟೀ ಅಂಗಡಿಯವನು ನನಗೆ ದೋಣಿಗೇ ಟೀ ತಂದುಕೊಟ್ಟ. ಅರ್ಧ ಗಂಟೆ ಆಯಿತು. ಐದೂವರೆಗೆ ನೀರಿನ ಬಾಗಿಲು ಮುಚ್ಚಬೇಕು, ಇದು ಸರಕಾರಿ ಸಮಯ ಅಂತ ವಾರಿಜಾ ಎರಡು ಸಲ ಬಂದು ಹೇಳಿದರು. ಎರಡನೇ ಸಲ ಹೇಳಿದವರು ಹೋಗಲಿಲ್ಲ, ಅವರೂ ಕೂತರು. ನಿಂಗಾಜಮ್ಮ ಮಾತ್ರ ಅಂಕಯ್ಯನ ಕೈಯನ್ನೇ ನೋಡುತ್ತಿದ್ದರು.

“ಅಂಕಯ್ಯ” ಅಂದರು ಕೊನೆಗೆ. “ಬೆಲ್ಟು ಸಡಿಲ ಇದ್ದಾಗ ಗಿರಣಿ ಮಾಡೋ ಸದ್ದು ಮಾಡ್ತಿದೀಯ. ಏನು ಹೇಳು.”

ಅವನು ಹೇಳಿದ. ನನಗೆ ಹೇಳಿದ್ದನ್ನೆಲ್ಲ ಹೇಳಿದ, ನಿಂತುಕೊಂಡು, ನೀರಿನ ಕಡೆ ಮುಖ ಮಾಡಿ. ಎಣಿಕೆಯ ವಿಷಯಕ್ಕೆ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ’ ಅಂದರು.

“ಎಷ್ಟು ಸಲ ಊದಿದರು?” ಅಂತ ಕೇಳಿದರು ನಿಂಗಾಜಮ್ಮ.

“ಒಂದೇ ಸಲ.”

“ಒಂದೇ ಸಲ” ಅಂದರು ಅವರು. ಸೆರಗಿನಿಂದ ಮುಖ ಒರೆಸಿಕೊಂಡರು. ಹಿಟ್ಟು ಕಣ್ಣೀರಿಗೆ ಕಲಸಿಕೊಂಡು ಕೆನ್ನೆಯ ಮೇಲೆ ಬೆರಳಿನ ಗುರುತು ಮೂಡಿತು. “ಹಾಗಾದರೆ ಅವರು ಎಲ್ಲಿಗೂ ಹೋಗಲಿಲ್ಲ.”

“ಇಲ್ಲ.”

“ಯಾವ ಮೆರವಣಿಗೇಲೂ ಊದಲಿಲ್ಲ.”

“ಇಲ್ಲ ನಿಂಗಾಜಕ್ಕ.”

ಅವರು ಅಳುತ್ತಿದ್ದರು. ಆದರೆ ಬೆನ್ನು ಮೊದಲಿಗಿಂತ ನೆಟ್ಟಗಾಗಿತ್ತು. ಎಷ್ಟೋ ವರ್ಷ ತಲೆಯ ಮೇಲೆ ಹೊತ್ತ ಮೂಟೆಯನ್ನು ಕೆಳಗಿಟ್ಟವರು ಹಾಗೆ ಕೂರುತ್ತಾರೆ. ಆಮೇಲೆ ಎದ್ದರು. ಅಂಕಯ್ಯನ ಕಡೆ ತಿರುಗಿದಾಗ ನಾನು ದೋಣಿಯ ಅಂಚು ಹಿಡಿದುಕೊಂಡೆ.

“ಚಿಲಕ ಹಾಕಿದ್ದಕ್ಕೆ ನಾನು ನಿನ್ನನ್ನ ಏನೂ ಅನ್ನೋದಿಲ್ಲ. ಆಗ ನಿನಗೆ ಇಪ್ಪತ್ತಮೂರು. ನೀರು ಏರ್ತಾ ಇತ್ತು, ಹೇಳಿದ ಕೆಲಸ ಮಾಡಿದೆ. ಆದರೆ ಮಂಗಳವಾರ, ಅಂಕಯ್ಯ! ಇಪ್ಪತ್ತು ವರ್ಷದ ಮಂಗಳವಾರ! ನನ್ನ ಟೀ ಕುಡೀತಾ, ಅವರು ಎಲ್ಲಿದಾರೋ ಏನೋ ಅಂತ ನಾನು ಅಂದಾಗೆಲ್ಲ ‘ಯಾರಿಗೆ ಗೊತ್ತು’ ಅಂತಿದ್ದೆಯಲ್ಲೋ! ಯಾರಿಗೆ ಗೊತ್ತು ಅಂತೆ! ನಿನಗೇ ಗೊತ್ತಿತ್ತು!”

“ಹೇಳಿದರೆ ನೀನು ಬಾಗಿಲು ಮುಚ್ಚಿಬಿಡ್ತೀಯ ಅಂತ ಹೆದರಿದೆ.”

“ಮುಚ್ತಿದ್ದೆ. ಒಂದು ವರ್ಷ ಮುಚ್ಚಿ ಆಮೇಲೆ ತೆಗೀತಿದ್ದೆನೇನೋ. ಅದನ್ನ ನೀನು ನನಗೆ ಬಿಡಬೇಕಿತ್ತು.”

ನಿಂಗಾಜಮ್ಮ ನನ್ನ ಕಡೆ ತಿರುಗಿದರು. “ಇನ್ನೊಂದು ಉತ್ತರ ಬಾಕಿ ಇದೆ ನಿಮ್ಮದು. ಇವನನ್ನ ನಾನು ಮದುವೆ ಆಗಲೋ ಬೇಡವೋ?”

ಊರಿಗೆ ಊರೇ ನನ್ನನ್ನು ನೋಡಿತು. ಯೋಚಿಸಿ ಹೇಳಿದ್ದಲ್ಲ, ತಾನಾಗಿ ಬಂದುಬಿಟ್ಟಿತು. “ನನ್ನನ್ನ ಕೇಳಬೇಡ ನಿಂಗಾಜಿ. ನಾನು ಸತ್ತು ಮೂವತ್ತೆರಡು ವರ್ಷ ಆಯ್ತು.”

ಹೇಳಿದ ಮೇಲೆ ನನಗೇ ಭಯವಾಯಿತು. ಅವರನ್ನು ಮನೆಯಲ್ಲಿ ನಿಂಗಾಜಿ ಅನ್ನುತ್ತಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವರು ನನ್ನನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೈ ನೀಡಿದರು. “ಸರಿ. ಇಳೀರಿ ಇನ್ನು. ಎಷ್ಟು ಹೊತ್ತು ಅಂತ ಕೂರ್ತೀರಿ ದೋಣೀಲಿ.”

ಕೈ ಹಿಡಿದುಕೊಂಡು ಮೆಟ್ಟಿಲಿನ ಮೇಲೆ ಕಾಲಿಟ್ಟೆ. ಕಾಲು ಜೋಮು ಹಿಡಿದಿತ್ತು. ವಾರಿಜಾ ಹೋಗಿ ಕರಿಹಲಗೆಯ ಮೇಲಿನ ಹೆಸರನ್ನು ಒರೆಸಿದರು. “ಬಿಸ್ಕೆಟ್ ಬೇಕಾ ಮೇಡಂ?” ಅಂತ ಟೀ ಅಂಗಡಿಯವನು ಕೇಳಿದ. ಅಷ್ಟರಲ್ಲಿ ನಾನು ಮೇಡಂ ಆಗಿದ್ದೆ. ನಿಂಗಾಜಮ್ಮ ನನ್ನ ಕೈ ಬಿಟ್ಟು, ಹೊಸಬರನ್ನು ನೋಡುವ ಹಾಗೆ ನೋಡಿ, “ನಿಮ್ಮ ಹೆಸರೇನಮ್ಮ?” ಅಂದರು. ಹೇಳಿದೆ. “ಒಳ್ಳೆಯ ಹೆಸರು” ಅಂದು, ಮೆಟ್ಟಿಲು ಹತ್ತಿ, ನೇರ ಆಫೀಸಿನ ಕಿಟಕಿಯ ಮುಂದೆ ಹೋಗಿ ನಿಂತರು.

ಊರವರೆಲ್ಲ ಮುಖ ಮುಖ ನೋಡಿಕೊಂಡರು. ಲಾಂಚು ಮುಳುಗಿದ ದಿನದಿಂದ ಈಚೆಗೆ ನಿಂಗಾಜಮ್ಮ ದೋಣಿಗೆ ಕಾಲಿಟ್ಟಿರಲಿಲ್ಲವಂತೆ.

“ಒಂದು ಹೆಸರು ಕೊಡಿ ವಾರಿಜಾ. ನೋಡಿ ಬರ್ತೀನಿ.”

“ಐದೂಕಾಲು ಆಯ್ತು ನಿಂಗಾಜಮ್ಮ. ಐದೂವರೆಗೆ...” ಅಂದ ವಾರಿಜಾ ಗಡಿಯಾರ ನೋಡಿದರು, ಅವರ ಮುಖ ನೋಡಿದರು, ಎದ್ದು ಹೋಗಿ ಗಡಿಯಾರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದರು. ಮಂದಾರದ ಪಟ್ಟಿಯಲ್ಲಿ ಬೆರಳು ಇಟ್ಟು, ಮರಿಚನ್ನಯ್ಯನ ಕೆಳಗಿನ ಸಾಲನ್ನು ಎರಡು ಸಲ ಓದಿಕೊಂಡರು. “ಇದು ಸ್ವಲ್ಪ ತೊಡಕಿನದು. ತಾಯಿ ಜೊತೆ ಇದ್ದ ಕೂಸು. ವಯಸ್ಸು ಹನ್ನೊಂದು ದಿನ. ಹೆಸರು ಇನ್ನೂ ಇಟ್ಟಿಲ್ಲ ಅಂತ ಬರೆದಿದೆ. ಬೇಡ ಅಂದರೆ ಮುಂದಿನದು...”

“ಇರಲಿ” ಅಂದರು ನಿಂಗಾಜಮ್ಮ. “ಅದನ್ನೇ ಕೊಡಿ.”

ಅಂಕಯ್ಯ ದೋಣಿಯ ಪಕ್ಕ ನಿಂತಿದ್ದ. ಅವರು ಇಳಿದು ಬಂದು, ಅವನು ನೀಡಿದ ಕೈ ಹಿಡಿಯದೆ, ತಾವೇ ಅಂಚು ಹಿಡಿದು ಹತ್ತಿ ಕೂತರು. “ನಾನು ಸಿಟ್ಟಲ್ಲಿದೀನಿ” ಅಂದರು. “ಅದು ಇಳಿಯೋಕೆ ಎಷ್ಟು ತಿಂಗಳು ಬೇಕೋ ಗೊತ್ತಿಲ್ಲ. ಮದುವೆ ಮಾತು ಆಮೇಲೆ. ಮಂಗಳವಾರ ಬರಬೇಡ. ಬುಧವಾರ ಬಾ, ಗಿರಣಿ ನಡೀತಿರುತ್ತೆ, ನಿನ್ನ ಮಾತು ನನಗೆ ಕೇಳಿಸಲ್ಲ.”

“ಆಗಲಿ” ಅಂದ ಅಂಕಯ್ಯ. ಹುಟ್ಟು ಎತ್ತಿಕೊಂಡ. ನಿಯಮ ಮೀರಿದವನಲ್ಲ, ಪಾಪ. ತಡವರಿಸುತ್ತಾ ಕೇಳಿದ, “ನೀರಿನ ಮೇಲೆ ನಿನ್ನನ್ನ ಏನಂತ ಕರೀಲಿ?”

“ಕರೀಬೇಡ. ಹುಟ್ಟು ಹಾಕು.”

ದೋಣಿ ಹೊರಟಿತು. ಸ್ವಲ್ಪ ದೂರ ಹೋಗುತ್ತಲೇ ನಿಂಗಾಜಮ್ಮ ಬೈಯಲು ಶುರು ಮಾಡಿದರು. ನೀರಿನ ಮೇಲೆ ದನಿ ಚೆನ್ನಾಗಿ ಹಾಯುತ್ತದೆ. ಇಪ್ಪತ್ತು ವರ್ಷದ ಮಂಗಳವಾರಗಳನ್ನು ಒಂದೊಂದಾಗಿ ತೆಗೆದು ಬೈಯುತ್ತಿದ್ದರು. ಮಳೆ ಬಂದ ಮಂಗಳವಾರ, ತಮಗೆ ಜ್ವರ ಬಂದ ಮಂಗಳವಾರ, ಅವನು ಎರಡು ಲೋಟ ಟೀ ಕುಡಿದ ಮಂಗಳವಾರ. ಅಂಕಯ್ಯನ ಹುಟ್ಟು ಒಂದೇ ಸಮನೆ ಬೀಳುತ್ತಿತ್ತು. ಮೆಟ್ಟಿಲ ಮೇಲಿದ್ದವರು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, ಇದು ತಾವು ಕೇಳಬೇಕಾದದ್ದಲ್ಲ ಅನ್ನಿಸಿರಬೇಕು, ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ನನ್ನ ಬಸ್ಸು ಆರೂಕಾಲಿಗೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಏರು ಹತ್ತುವಾಗ ಇಡೀ ದೊಡ್ಡನೀರು ಕೆಳಗೆ ಕಾಣಿಸಿತು, ಸಂಜೆ ಬಿಸಿಲಿಗೆ ಹಿತ್ತಾಳೆ ತಟ್ಟೆಯ ಹಾಗೆ. ಅದರ ನಟ್ಟನಡುವೆ, ಮಂದಾರ ಮುಳುಗಿದ ಜಾಗದಲ್ಲಿ, ದೋಣಿ ನಿಂತಿತ್ತು. ಬೈಗುಳ ಕೇಳಿಸುತ್ತಿರಲಿಲ್ಲ, ದೂರಕ್ಕೋ, ನಿಂತುಹೋಗಿತ್ತೋ. ಅಂಕಯ್ಯ ಹುಟ್ಟುಗಳನ್ನು ಒಳಗೆ ಎತ್ತಿಟ್ಟುಕೊಂಡಿದ್ದ. ದೋಣಿಯ ಒಂದೇ ಅಂಚಿಗೆ ಇಬ್ಬರೂ ಬಾಗಿ, ತಲೆಗೆ ತಲೆ ತಾಗಿಸಿಕೊಂಡು ನೀರಿನೊಳಗೆ ನೋಡುತ್ತಿದ್ದರು.